ಮೀನು ಸೀಳಿದ ಕೈ

ಬೆಳಗಿನ ಮೊದಲ ಬುಟ್ಟಿಯ ಮೀನು ಇನ್ನೂ ಅರ್ಧವೂ ಸೀಳಿ ಮುಗಿದಿರಲಿಲ್ಲ, ಮೂಲೆಯ ಜೋಲಿಯಲ್ಲಿ ಹಸುಗೂಸು ಅತ್ತಿತು. ಸುಮಿರಾ ಚೂರಿ ಕೆಳಗಿಟ್ಟು, ಉಪ್ಪು ತಿಂದು ಬಿರಿದ ಕೈ ತೊಳೆದುಕೊಂಡಳು. ಬಾಣಂತನ ಮುಗಿಯುವ ಮೊದಲೇ ಅವಳು ಜಾವಾ ಕಡಲ ದಂಡೆಯ ಈ ಒಣಮೀನಿನ ಶೆಡ್ಡಿಗೆ ಮರಳಿದ್ದಳು.

ಮಗುವಿನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಅಂಗುಳೂ ತೆರೆದಿತ್ತು. ಮೊಲೆ ಚೀಪಲು ಅವನಿಗೆ ಆಗದು. ಹಿಂಡಿದ ಹಾಲನ್ನು ಮೆತ್ತನೆಯ ಬಾಟಲಿಗೆ ತುಂಬಿ, ಅವನನ್ನು ನೆಟ್ಟಗೆ ಕೂರಿಸಿಕೊಂಡು, ನುಂಗಿದಂತೆಲ್ಲ ಮೆಲ್ಲಗೆ ಅದುಮಬೇಕು. ಊರಿನ ದಾದಿ ಹೇಳಿಕೊಟ್ಟದ್ದು. ಏಳು ವರ್ಷದ ಮಗಳು ಲಾರಸ್ ಪಕ್ಕದಲ್ಲಿ ಕೂತು ತಮ್ಮನ ಗದ್ದ ಒರೆಸುತ್ತಿದ್ದಳು.

"ಮತ್ತೆ ಕೂತ್ಯಾ?"

ಯಜಮಾನಿ ಹರ್ತಾಟಿ ಬಾಗಿಲಲ್ಲಿದ್ದಳು. ಮೂಗಿಗೆ ಅತ್ತರಿನ ಕರವಸ್ತ್ರ. ಆ ಅತ್ತರೂ ಈ ನಾತದ ದುಡ್ಡಿನದೇ.

"ಇವನು ಕುಡಿಯೋದು ನಿಧಾನ ಅಮ್ಮಾವ್ರೇ. ಮುಗಿಸಿ ಬರ್ತೀನಿ."

"ಮಲಗಿಸಿ, ಬಾಟ್ಲಿ ಬಾಯಿಗಿಟ್ಟು ಬಾ."

"ನಿನ್ನೆ ನಿಮ್ಮ ಮೇಸ್ತ್ರಿ ಹಾಗೇ ಮಾಡಿಸಿದ. ಹಾಲು ಮೂಗಿಗೇರಿ ಮಗು ನೀಲಿಗಟ್ಟಿತ್ತು."

"ಮೇಸ್ತ್ರಿಗೆ ಕುಡಿಸೋದು ಏನ್ ಗೊತ್ತು?" ಮೀನು ಸೀಳುವ ಹೆಂಗಸರ ಸಾಲಿನಲ್ಲಿದ್ದ ಮುದುಕಿ ಪೈನೆಮ್ ತಲೆ ಎತ್ತದೆ ಅಂದಳು. "ಅವನಿಗೆ ಗೊತ್ತಿರೋದು ಕುಡಿಯೋದು."

ಹೆಂಗಸರು ಕಿಸಕ್ಕನೆ ನಕ್ಕರು. ಯಜಮಾನಿ ನಗಲಿಲ್ಲ. ನೊಣ ಮುತ್ತಿದ ಮೀನನ್ನು ನೋಡುವಂತೆ ಮಗುವಿನ ಬಾಯನ್ನು ನೋಡಿದಳು.

"ಥೂ, ಆ ಕಡೆ ತಿರುಗಿಸು. ಬಸುರಿ ಮೀನು ಸೀಳಬಾರ್ದು ಅಂತ ನನ್ನಜ್ಜಿ ಕಾಲದಿಂದ ಹೇಳ್ತಾ ಬಂದಿದಾರೆ. ಇವಳು ಸೀಳಿದ್ಲು, ಮಗನ ತುಟಿ ಸೀಳ್ತು. ಇವಳ ಪಾಪಕ್ಕೆ ನನ್ನ ಕೆಲಸ ನಿಲ್ಬೇಕಾ? ನಾಳೆಯಿಂದ ಇದು ಇಲ್ಲಿಗೆ ಬರಕೂಡ್ದು. ಇಲ್ಲಾ ನೀನೂ ಬರ್ಬೇಡ."

ಅದೆಲ್ಲ ಸುಳ್ಳು ಎಂದು ದಾದಿ ಹೇಳಿದ್ದಳು. ಆದರೂ ಸುಮಿರಾ ಮಗುವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಗುವನ್ನು ಮನೆಯಲ್ಲಿ ಬಿಟ್ಟರೆ ಕುಡಿಸುವವರಿಲ್ಲ. ಕೆಲಸ ಬಿಟ್ಟರೆ ಅವಳಿಗೆ ಊಟವಿಲ್ಲ, ಎದೆಯಲ್ಲಿ ಹಾಲಿಲ್ಲ. ಬಾಟಲಿ ಅದುಮುವ ಬೆರಳು ಮಾತ್ರ ಲಯ ತಪ್ಪಲಿಲ್ಲ.

ಸಾಲಿನಲ್ಲಿ ಚೂರಿಗಳು ನಿಂತವು. ಕೂತ ಹೆಂಗಸರಲ್ಲಿ ಇಬ್ಬರು ತುಂಬು ಬಸುರಿಯರು. ಅವರ ಕೈಯಲ್ಲೂ ಮೀನು.

ಲಾರಸ್ ಒದ್ದೆ ಬಟ್ಟೆ ಹಿಡಿದೇ ಎದ್ದು ನಿಂತಳು.

"ಯಜಮಾನಮ್ಮಾ, ಬಸುರಿ ಸೀಳಬಾರ್ದು ಅಂತ ನಿಮಗೆ ಗೊತ್ತಿತ್ತಲ್ಲ. ಮತ್ತೆ ಅಮ್ಮನ ಕೈಗೆ ಚೂರಿ ಯಾಕೆ ಕೊಟ್ರಿ?"