ಸ್ಟೂಲಿನ ಮೇಲೆ ಯಾರು ಕೂರಬೇಕು?

ನಮ್ಮ ಮನೆಯವರೆಲ್ಲ ಜಗಮೊಂಡರು. ಜಗಳವಾದರೆ ಯಾರೂ ಬಾಯಿಬಿಟ್ಟು ಸೋಲೊಪ್ಪುವವರಲ್ಲ. ಅದಕ್ಕೇ ನಮ್ಮದೊಂದು ಪದ್ಧತಿ. ತಪ್ಪು ಮಾಡಿದವರು ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಹೆಗಲಿಗೆ ಟವೆಲ್ ಹೊದ್ದು ತೆಪ್ಪಗೆ ಕೂರಬೇಕು. ನೊಂದವರು ಕತ್ತರಿ ಹಿಡಿದು ಅವರ ಕೂದಲು ಕತ್ತರಿಸಬೇಕು. ಕೂದಲು ನೆಲಕ್ಕೆ ಬಿತ್ತೆಂದರೆ ಜಗಳ ಮುಗಿಯಿತು, ಮತ್ತೆ ಆ ಮಾತು ಎತ್ತುವಂತಿಲ್ಲ. ಅಪ್ಪ ಬದುಕಿದ್ದಷ್ಟು ದಿನ ಅವರ ತಲೆ ಸದಾ ನೀಟಾಗಿರುತ್ತಿತ್ತು, ಪಾಪ.

ಅಣ್ಣ ನನ್ನ ಮದುವೆಗೆ ಬರಲಿಲ್ಲ. ಎರಡು ವರ್ಷವಾಯಿತು, ಒಂದು ಫೋನೂ ಇಲ್ಲ. ನಾನೂ ಮಾಡಲಿಲ್ಲ ಅನ್ನಿ. ನಾನ್ಯಾಕೆ ಮಾಡಲಿ? ಆದರೆ ಅವನಿಲ್ಲದೆ ಮನಸ್ಸು ಭಣಭಣ ಅನ್ನುತ್ತಿತ್ತು. ಅವನು ಬಂದು ಒಂದು ಸಲ ಸ್ಟೂಲಿನ ಮೇಲೆ ಕೂತಿದ್ದರೆ ಸಾಕಿತ್ತು, ಎಲ್ಲ ಮರೆತುಬಿಡುತ್ತಿದ್ದೆ.

ಹಾಗಿರುವಾಗ ಮೊನ್ನೆ ಅಮ್ಮನ ಫೋನು ಬಂತು. ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಫೋನಿನಲ್ಲೂ ನನ್ನ ಹಿಂದೆ ಜನ ಸಾಲು ನಿಂತಿದ್ದಾರೇನೋ ಅನ್ನುವ ಹಾಗೆ ಮಾತಾಡುತ್ತಾಳೆ.

"ಭಾನುವಾರ ನಿಮ್ಮಣ್ಣ ಬರ್ತಾನೆ. ಕೂತ್ಕೋತಾನಂತೆ. ಕತ್ತರಿ ತಗೊಂಡು ಬಾ."

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದವಳು. ಕೈ ನಡುಗಬಾರದ ಕೆಲಸ. ಅವತ್ತು ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಹಾಕಿಟ್ಟು ಯಜಮಾನರ ಹತ್ತಿರ ಬೈಸಿಕೊಂಡೆ. ಹೋಗಲಿ, ಅಷ್ಟು ಖುಷಿಯಾಗಿತ್ತು ನನಗೆ.

ಭಾನುವಾರ ಅಮ್ಮನ ಮನೆಯ ಬಾಗಿಲು ತೆಗೆದವನು ಅಣ್ಣನೇ. ಸ್ವಲ್ಪ ದಪ್ಪಗಾಗಿದ್ದ. ನನ್ನನ್ನು ನೋಡಿ ನಗಲೋ ಬೇಡವೋ ಅನ್ನುವ ಮುಖ ಮಾಡಿ, ಹಿಂದಕ್ಕೆ ಸರಿದು ಹೇಳಿದ:

"ಬಂದ್ಯಾ? ಬಾ, ಕೂತ್ಕೋ."

ಹೋಗಿ ಸೋಫಾದ ಮೇಲೆ ಕೂತೆ.

"ಅಲ್ಲಲ್ಲ, ಇಲ್ಲಿ," ಎಂದು ಕಿಟಕಿಯ ಹತ್ತಿರದ ಸ್ಟೂಲ್ ತಟ್ಟಿದ. ಅವನ ಜೇಬಿನಿಂದ ಕತ್ತರಿಯ ಹಿಡಿ ಇಣುಕುತ್ತಿತ್ತು.

ನಾನು ಕಕ್ಕಾಬಿಕ್ಕಿಯಾದೆ. ಚೀಲದಿಂದ ನನ್ನ ಕತ್ತರಿ ತೆಗೆದು ತೋರಿಸಿದೆ. ಈಗ ಅವನೂ ಕಕ್ಕಾಬಿಕ್ಕಿಯಾದ.

"ನೀನ್ಯಾಕೆ ತಂದೆ?" ಅಂದ.

"ನೀನು ಕೂತ್ಕೋತೀಯಲ್ಲ, ಅದಕ್ಕೆ."

"ನಾನಾ? ಕೂತ್ಕೋಬೇಕಾದೋಳು ನೀನು. ಅಮ್ಮ ಹಂಗಂತಲೇ ಕರೆಸಿದ್ದು."

"ನನ್ನ ಮದುವೆಗೆ ಬರದೆ ಇದ್ದೋನು ನೀನು. ನಾನು ಕೂತ್ಕೋಬೇಕಾ? ಚೆನ್ನಾಗಿದೆ ಕಣೋ ನ್ಯಾಯ."

"ಬರಬೇಡ ಅಂದೋಳು ಯಾರು ಮತ್ತೆ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಇವನಿಗೆ ತಲೆ ಕೆಟ್ಟಿದೆಯೋ, ನನಗೆ ಕೆಟ್ಟಿದೆಯೋ? ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು, ಅಡುಗೆಯ ವಾಸನೆ ಮಾತ್ರ ಇರಲಿಲ್ಲ.

"ನಾನು ಯಾವಾಗ ಅಂದೆ?"

"ಹೊಸ ಷರ್ಟ್ ಹಾಕ್ಕೊಂಡು ಚಪ್ಪಲಿ ಮೆಟ್ಟಿದ್ದೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ನನ್ನ ಮುಖ ಕಂಡ್ರೆ ನೀನು ಮದುವೆನೇ ಬೇಡ ಅಂತ ಎದ್ದು ಹೋಗ್ತೀಯಂತೆ, ಬರಬೇಡ ಅಂದ್ಳು. ಚಪ್ಪಲಿ ಬಿಟ್ಟು ಒಳಗೆ ಹೋದೆ."

"ನನಗೆ ಹೇಳಿದ್ದೇ ಬೇರೆ. ನಾನು ಮದುವೆಯಾಗೋ ಹುಡುಗನ ಮುಖ ನೋಡಲ್ಲ, ಬರಲ್ಲ ಅಂತ ನೀನು ಅಂದ್ಯಂತೆ."

ಪಾತ್ರೆಗಳ ಸದ್ದು ನಿಂತಿತು. ಇಬ್ಬರೂ ಅಡುಗೆಮನೆಯ ಕಡೆ ತಿರುಗಿದೆವು. ಅಮ್ಮ ಒದ್ದೆಯಾಗದ ಕೈಯನ್ನೇ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

"ಮದುವೆಯ ಹಿಂದಿನ ವಾರ ಆ ಹುಡುಗನ ವಿಷಯಕ್ಕೆ ಹೆಂಗೆ ಕಿತ್ತಾಡಿದ್ರಿ, ನೆನಪಿದೆಯಾ? ಇವನು ಬಂದ್ರೆ ಅಲ್ಲೂ ರಂಪ ಆಗುತ್ತೆ ಅಂತ ಹೆದರಿಕೆ ಆಯ್ತು. ಮದುವೆ ಆದ್ಮೇಲೆ ಒಂದು ವಾರದಲ್ಲಿ ನೀವೇ ಸರಿಹೋಗ್ತೀರಿ ಅಂದ್ಕೊಂಡೆ. ಹೋಗಲಿಲ್ಲ."

"ಇವತ್ತು ಕರೆದದ್ದು?" ಅಣ್ಣ ಕೇಳಿದ.

"ಎದುರೆದುರು ಬಂದ್ರೆ ಯಾರಾದ್ರೂ ಒಬ್ರು ಕೂತ್ಕೋಬಹುದು ಅಂದ್ಕೊಂಡೆ."

ಅಣ್ಣ ತಲೆ ಮೇಲೆ ಕೈಯಿಟ್ಟುಕೊಂಡು ನಗತೊಡಗಿದ. ನನಗೂ ನಗು ಬಂತು, ಜೊತೆಗೇ ಅಳುವೂ ಬಂತು. ಎರಡು ವರ್ಷ ತಪ್ಪು ವಿಳಾಸಕ್ಕೆ ಸಿಟ್ಟು ಕಳಿಸಿದ್ದೆನಲ್ಲ, ಈಗ ಅಷ್ಟನ್ನೂ ಎಲ್ಲಿಡುವುದೋ ತಿಳಿಯಲಿಲ್ಲ. ಅಣ್ಣನ ತೋಳು ಹಿಡಿದುಕೊಂಡೆ. ಹಿಡಿದದ್ದನ್ನು ಬಿಡಲಿಲ್ಲ.

ಅಮ್ಮ ನಮ್ಮ ಮಧ್ಯದಿಂದ ಹಾದುಹೋಗಿ ಸ್ಟೂಲಿನ ಮೇಲೆ ಕೂತಳು. ಟವೆಲ್ ಹೊದ್ದು ಕೂದಲಿನ ಗಂಟು ಬಿಚ್ಚಿದಳು. ಅವಳು ಅಲ್ಲಿ ಕೂತದ್ದನ್ನು ನಾವು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಲ್ಲಿ ನಿಲ್ಲಬೇಕು ಎನ್ನುವುದೇ ನಮಗೆ ಗೊತ್ತಾಗಲಿಲ್ಲ.

"ಕತ್ತರಿಸಿ," ಅಂದಳು ಕಿಟಕಿಯ ಕಡೆ ನೋಡುತ್ತ.

ಅಣ್ಣನದು ಮೆದು ಮನಸ್ಸು. ಒಂದು ನಿಮಿಷವೂ ಯೋಚಿಸದೆ ಎಡಗಡೆಯ ಕೂದಲನ್ನು ಭುಜದವರೆಗೆ ಕತ್ತರಿಸಿ, "ನನ್ನದು ಮುಗೀತು. ಇನ್ನರ್ಧ ನಿಂದು," ಎಂದು ಸರಿದು ನಿಂತ.

ನಾನು ಕತ್ತರಿ ಎತ್ತಿದೆ, ಇಳಿಸಿದೆ. ಕತ್ತರಿಸಿದರೆ ಮುಗಿಯಿತು, ಮತ್ತೆ ಮಾತೆತ್ತುವಂತಿಲ್ಲ. ಅಷ್ಟು ಸುಲಭವಾಗಿ ಹೇಗೆ ಮುಗಿಸಲಿ? ಮದುವೆಯ ಒಂದು ಫೋಟೋದಲ್ಲೂ ಅಣ್ಣನಿಲ್ಲ. ನನ್ನ ಗಂಡನನ್ನು ಅವನಿನ್ನೂ ಕಣ್ಣಲ್ಲಿ ನೋಡಿಲ್ಲ.

"ನನ್ನ ಕೈಲಾಗಲ್ಲಮ್ಮ. ನಿನ್ನ ಮೇಲೆ ತುಂಬ ಕೋಪ ಇದೆ."

ಅಮ್ಮ ತಲೆ ಮುಟ್ಟಿ ನೋಡಿಕೊಂಡಳು. "ನಾಳೆ ಕೌಂಟರಿನಲ್ಲಿ ಕೂರಬೇಕು ಕಣೇ. ಹಿಂಗೇ ಹೋಗ್ಲಾ?"

ಎಡಗಡೆ ಭುಜದವರೆಗೆ, ಬಲಗಡೆ ಸೊಂಟದವರೆಗೆ. ಅಣ್ಣ ನಗು ತಡೆಯಲು ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ನನಗೆ ಪಿತ್ತ ನೆತ್ತಿಗೇರಿತು. ಕೋಪ ಮಾಡಿಕೊಳ್ಳುವುದಕ್ಕೂ ಬಿಡದ ಹೆಂಗಸು.

"ಕತ್ತರಿಸ್ತೀನಿ. ಆದ್ರೆ ಕೋಪ ಹೋಗಿಲ್ಲ. ಕತ್ತರಿಸ್ತಾನೇ ಬೈತೀನಿ, ಆಮೇಲೂ ಬೈತೀನಿ."

"ಬೈಯಿ," ಎಂದು ಅಮ್ಮ ನೆಟ್ಟಗೆ ಕೂತಳು.

ನಮ್ಮ ಮನೆಯಲ್ಲಿ ಹಾಗೆ ನಡೆದದ್ದೇ ಇಲ್ಲ. ಆದರೂ ಬೈದೆ. ಬಾಚಣಿಗೆ ಎಳೆಯುತ್ತ, ಎಳೆ ಎಳೆಯಾಗಿ ಕತ್ತರಿಸುತ್ತ, ಎರಡು ವರ್ಷದ್ದೆಲ್ಲ ಹೊರಗೆ ಹಾಕಿದೆ. ಅಮ್ಮ ಒಂದಕ್ಕೂ ಎದುರಾಡಲಿಲ್ಲ. ಅಣ್ಣ ನೆಲದ ಮೇಲೆ ಕೂತು ಕೇಳುತ್ತಿದ್ದ. ಕೊನೆಗೆ ನನ್ನ ಹತ್ತಿರ ಒಂದೇ ಮಾತು ಉಳಿದಿತ್ತು.

"ಅವತ್ತು ನಾನು ಎಷ್ಟು ಸಲ ಬಾಗಿಲ ಕಡೆ ನೋಡ್ದೆ ಅಂತ ನಿನಗೇನು ಗೊತ್ತು?"

"ಗೊತ್ತು," ಅಂದಳು ಅಮ್ಮ. "ನಾನು ಇಡೀ ದಿನ ನಿನ್ನನ್ನೇ ನೋಡ್ತಿದ್ದೆ."

ನಾನು ಉಳಿದ ಕೊನೆಯ ಎಳೆಯನ್ನೂ ಕತ್ತರಿಸಿದೆ.