ಅರ್ಧ ಉಳಿದ ಬಟ್ಟಲು

ನನ್ನ ತಂಗಿ ಸುನಿಲ್ದಾ ಒಂದು ಹಟ ಹಿಡಿದಳೆಂದರೆ, ನಮ್ಮೂರು ಅಸುನ್ಸಿಯೋನಿನ ಜನವರಿಯ ಕಡುಬೇಸಿಗೆ ಬಿಸಿಲಾದರೂ ಇಳಿದೀತು, ಅವಳು ಇಳಿಯುವವಳಲ್ಲ. ಈ ಸಲ ಅವಳು ಹಿಡಿದದ್ದು ಕೊಲೆಸ್ಟರಾಲ್ ಮಾತ್ರೆಯನ್ನು.

ಅವಳ ಗಂಡ ಆರ್ಸೇನಿಯೊ ಕ್ಷೌರಿಕ. ಗಿರಾಕಿಯ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ನೊರೆ ಹಚ್ಚುವಾಗ ತಲೆ ಹಿಡಿದುಕೊಂಡು ಕುಸಿದಿದ್ದ. ಮಿದುಳಿನ ಸುತ್ತ ರಕ್ತ ಸೋರಿತ್ತು. ಒಡೆದ ನಾಳವನ್ನು ಆಪರೇಷನ್ ಮಾಡಿ ಮುಚ್ಚಿದ್ದರು. ಈಗ ಎಚ್ಚರವಾಗಿ, ವಾರ್ಡಿನವರ ತಲೆಗೂದಲನ್ನೆಲ್ಲ ಹೀಯಾಳಿಸುವಷ್ಟು ಚೇತರಿಸಿಕೊಂಡಿದ್ದ. ಆದರೆ ಕಂಟಕ ಕಳೆದಿರಲಿಲ್ಲ. ಸೋರಿದ ರಕ್ತ ಕೆರಳಿಸಿ ಉಳಿದ ನಾಳಗಳೂ ಸೆಟೆದುಕೊಂಡಾವು, ಆಗ ಮಿದುಳಿಗೆ ರಕ್ತ ಸಾಲದೆ ಕೈಯೋ ಮಾತೋ ಹೋದೀತು ಎಂದಿದ್ದರು ಡಾಕ್ಟರ್ ಫ್ರೆತೆಸ್. ಅದಕ್ಕೆಂದೇ ಒಂದು ಮಾತ್ರೆ ಹೊತ್ತು ತಪ್ಪದೆ ನಡೆಯುತ್ತಿತ್ತು. ಸುನಿಲ್ದಾಗೆ ಅದು ಸಾಲದು.

"ಡಾಕ್ಟ್ರೇ, ನಮ್ ಬೀದಿ ದೆಯ್ದಾಮಿಯಾಗೂ ಹಿಂಗೇ ಆಗಿತ್ತು. ನೀವೇ ಕೊಲೆಸ್ಟರಾಲ್ ಮಾತ್ರೆ ಕೊಟ್ರಿ. ಈಗ ಯಾರ ಮದ್ವೆ ಆದ್ರೂ ಅವಳೇ ಮೊದ್ಲು ಕುಣಿಯೋದು."

"ಕೊಟ್ಟೆ. ಆಗ ಎಲ್ರಿಗೂ ಕೊಡ್ತಿದ್ದೆ. ಸತ್ತೋರಿಗೂ ಕೊಟ್ಟಿದ್ದೆ. ಅವರು ಮದ್ವೆಗೆ ಬರಲ್ಲ, ಅದಕ್ಕೆ ನಿಮಗೆ ಗೊತ್ತಿಲ್ಲ."

ಡಾಕ್ಟರು ಗೋಡೆಗೊರಗಿ ಬಿಡಿಸಿ ಹೇಳಿದರು. ಆ ಮಾತ್ರೆ ನಾಳಗಳನ್ನು ಸಡಿಲವಾಗಿ ಇಡುತ್ತದೆಂದು ಎಲ್ಲರಿಗೂ ಆಸೆಯಿತ್ತು. ಆಮೇಲೆ ನೂರಾರು ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಮದ್ದಿಲ್ಲದ ಬರಿಯ ಸಪ್ಪೆ ಗುಳಿಗೆ; ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದು. ಕೊನೆಗೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ.

"ಕೊಟ್ರೆ ನಿಮ್ ಗಂಟೇನು ಹೋಗುತ್ತೆ?"

"ಕೊಟ್ರೆ ನಿಮಗೆ ಧೈರ್ಯ ಬಂದ್ಬಿಡುತ್ತೆ ಸೆನ್ಯೋರಾ. ಅದೇ ನನಗೆ ಭಯ. ಬಾಯಿ ನೋಡ್ತಾ ಇರಿ, ಕೈ ನೋಡ್ತಾ ಇರಿ. ಒಂಚೂರು ಸೊಟ್ಟ ಕಂಡ್ರೂ ಕೂಗಿ."

ಸುನಿಲ್ದಾ ತಲೆಯಾಡಿಸಿದಳು. ತಲೆಯಾಡಿಸಿದಳೆಂದರೆ ಒಪ್ಪಿಲ್ಲವೆಂದೇ ಅರ್ಥ ಎಂಬುದು ಅಣ್ಣನಾದ ನನಗೆ ಚಿಕ್ಕಂದಿನಿಂದ ಗೊತ್ತು.

ಮರುದಿನ ಬೆಳಿಗ್ಗೆ ಅವಳ ಅತ್ತೆ ಓಬ್ದುಲಿಯಾ ತಾನು ನುಂಗುವ ಕೊಲೆಸ್ಟರಾಲ್ ಮಾತ್ರೆಯೊಂದನ್ನು ಮನೆಯಲ್ಲೇ ಅರೆದು, ಕರವಸ್ತ್ರದ ಗಂಟಿನಲ್ಲಿ ತಂದರು. ನಮ್ಮವರು ದಿನವಿಡೀ ಹೀರುವ ತಣ್ಣನೆಯ ಎಲೆಪಾನೀಯ ತೆರೆರೆಗೆ ಆಸ್ಪತ್ರೆಯಲ್ಲೂ ಅಡ್ಡಿಯಿರಲಿಲ್ಲ. ತೆರೆರೆ ನಿಲ್ಲಿಸಿದರೆ ಈ ಊರಲ್ಲಿ ನರ್ಸುಗಳೇ ಕೆಲಸ ಬಿಟ್ಟುಹೋಗುತ್ತಾರೆ. ಕೊಂಬಿನ ಬಟ್ಟಲಲ್ಲಿ ಯೆರ್ಬಾ ಎಲೆಯ ಪುಡಿ, ಅದರ ಮೇಲೆ ಗಂಟಿನ ಪುಡಿ, ಮೇಲಿಂದ ತಣ್ಣೀರು. ಇತಿಹಾಸದ ಮೇಷ್ಟ್ರಾದ ನಾನು ಬಾಗಿಲಲ್ಲಿ ನಿಂತು ಕಾವಲು ಕಾದೆ.

ಆರ್ಸೇನಿಯೊ ಬಟ್ಟಲಲ್ಲಿ ನೆಟ್ಟಿದ್ದ ಲೋಹದ ಕೊಳವೆಗೆ ಬಾಯಿ ಹಚ್ಚಿದ. ಎರಡು ಗುಟುಕು ಹೀರಿ ಬಟ್ಟಲನ್ನು ಹಿಂದಕ್ಕೆ ಕೊಟ್ಟ. ಅರ್ಧ ಹಾಗೇ ಇತ್ತು.

ಸುನಿಲ್ದಾ ಬಟ್ಟಲನ್ನೇ ನೋಡುತ್ತ ನಿಂತಳು. ಅಂಗಡಿಯಲ್ಲಿ ತಾನು ಕೊಟ್ಟ ತೆರೆರೆಯನ್ನು ತಳದ ನೀರು ಸೊರ್‍ರೆಂದು ಸದ್ದು ಮಾಡುವವರೆಗೆ ಹೀರದೆ ಬಟ್ಟಲು ಹಿಂದಿರುಗಿಸಿದ ಗಿರಾಕಿಯನ್ನು ಅರ್ಧ ಕ್ಷೌರದಲ್ಲೇ ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ದ ಮನುಷ್ಯ ಈತ.

"ಮಾತ್ರೆ ಕಹಿ ಕಣೇ, ಅದಕ್ಕೇ ಬಿಟ್ಟ," ಎಂದು ಅತ್ತೆ ಪಿಸುಗುಟ್ಟಿದರು.

ಸುನಿಲ್ದಾ ಉಳಿದದ್ದನ್ನು ತಾನೇ ಹೀರಿದಳು. "ಯೆರ್ಬಾಗಿಂತ ಕಹಿ ಏನಿಲ್ಲ ಅತ್ತೆ."

"ಪುಡಿ ಕೊಳವೆಗೆ ಕಟ್ಕೊಂಡಿರುತ್ತೆ."

"ನನಗೆ ಸಲೀಸಾಗಿ ಬಂತಲ್ಲ!"

"ಸುಮ್ನಿರೇ. ಡಾಕ್ಟ್ರನ್ನ ಕರೆದ್ರೆ ಪುಡಿ ವಿಷ್ಯ ಹೊರಗೆ ಬೀಳುತ್ತೆ. ನಮ್ಮನ್ನ ಆಚೆ ಹಾಕ್ತಾರೆ."

ಸುನಿಲ್ದಾ ಬಟ್ಟಲನ್ನು ತೊಟ್ಟಿಗೆ ಬಗ್ಗಿಸಿ ತೊಳೆದಳು. ಹೊಸ ಎಲೆ, ಬರೀ ನೀರು. "ಇದನ್ನ ಕುಡೀರಿ. ಪೂರ್ತಿ."

ಅವನು ಹೀರಿದ. ನೀರು ತುಟಿಯ ಬಲ ಅಂಚಿನಿಂದ ಗಲ್ಲಕ್ಕೆ ಇಳಿಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಡಾಕ್ಟ್ರೇ!" ಅವಳ ಕೂಗಿಗೆ ಪಕ್ಕದ ವಾರ್ಡಿನವರೂ ಎದ್ದು ಕೂತರು. ಫ್ರೆತೆಸ್ ಓಡಿ ಬಂದರು. ಅವರು ಬಾಯಿ ತೆರೆಯುವ ಮೊದಲೇ ಇವಳು ಒದರಿದಳು: "ಅತ್ತೆಯ ಕೊಲೆಸ್ಟರಾಲ್ ಮಾತ್ರೆ ಅರೆದು ತೆರೆರೆಗೆ ಹಾಕಿದ್ದೆ. ಒಂದೇ ಒಂದು. ಬೈಯೋದು ಆಮೇಲೆ ಬೈಯಿರಿ. ಆದ್ರೆ ಇದು ಅದರಿಂದ ಅಲ್ಲ. ಬರೀ ನೀರೂ ಸೋರ್ತಿದೆ. ಈಗಷ್ಟೇ ಶುರುವಾಗಿದೆ."

ಡಾಕ್ಟರು ಹಲ್ಲು ತೋರಿಸಲು ಹೇಳಿದರು. ನಗು ಒಂದೇ ಕಡೆಗೆ ಬಂತು. ಎತ್ತಿದ ಬಲಗೈ ಮೆಲ್ಲಗೆ ಇಳಿಯಿತು. ಮಂಚ ಆಗಲೇ ಚಕ್ರದ ಮೇಲೆ ಹೊರಟಿತ್ತು.

"ಆ ಮಾತ್ರೆಯಿಂದ ಏನಾಗುತ್ತೆ?" ಎಂದು ಅವಳು ಜೊತೆಗೇ ಓಡುತ್ತ ಕೇಳಿದಳು.

"ಏನೂ ಆಗಲ್ಲ. ಅದನ್ನೇ ತಾನೆ ನಾನು ನಿನ್ನೆಯಿಂದ ಬಡ್ಕೊಳ್ತಿರೋದು!"

ತೊಡೆಯ ನಾಳದಿಂದ ತಂತಿ ತೂರಿಸಿ ಸೆಟೆದ ನಾಳವನ್ನು ಸಡಿಲಿಸಿದರು. ಸಂಜೆ ಹೊರಗೆ ಬಂದ ಡಾಕ್ಟರು ಬೈಯಲು ಬಾಯಿ ತೆರೆದರು. ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದ ಸುನಿಲ್ದಾಳನ್ನು ಕಂಡು, "ಹೊತ್ತಿಗೆ ಸರಿಯಾಗಿ ಕೂಗಿದ್ರಿ," ಎಂದಷ್ಟೇ ಹೇಳಿ ಹೋದರು.

ಆಮೇಲೆ ಅವಳು ಮಂಚದ ಬಳಿಯಿಂದ ಕದಲಲಿಲ್ಲ. ಅತ್ತೆ ಮಾತ್ರೆಯ ಮಾತೆತ್ತಿದರೆ, "ನಿಮ್ ಕೊಬ್ಬಿನ ಮಾತ್ರೆ, ನೀವೇ ನುಂಗಿ," ಎನ್ನುವಳು. ಪ್ರತಿ ಸಲ ಹೊಸ ಬಟ್ಟಲು ತುಂಬಿ ಕೊಟ್ಟು ಅವನ ತುಟಿಯನ್ನೇ ನೋಡುವಳು. ಮೊದಮೊದಲು ಸೋರುತ್ತಿತ್ತು. ಆಮೇಲೆ ತುಸುವೇ ಸೋರಿತು. ಒಂದು ಬೆಳಿಗ್ಗೆ ಬಟ್ಟಲ ತಳದಿಂದ ಇಡೀ ವಾರ್ಡಿಗೆ ಕೇಳುವಂತೆ ಸೊರ್‍ರೆಂದು ಸದ್ದಾಯಿತು.

"ಮೆಲ್ಲಗೆ ಕುಡೀರಪ್ಪ, ಇದು ಆಸ್ಪತ್ರೆ!" ಎಂದು ನರ್ಸ್ ಗದರಿದಳು.

"ಇನ್ನೊಂದ್ಸಲ," ಎಂದು ಸುನಿಲ್ದಾ ಮತ್ತೆ ನೀರು ಸುರಿದಳು.