ಏರಿಸಿದ ಶ್ರುತಿ

ಗಾಜಿನ ಆಚೆ ನಿಂತಿದ್ದ ಹಾಡುಗಾರ ಬಾಯಿಗೆ ಒತ್ತಿಕೊಂಡಿದ್ದ ಕರವಸ್ತ್ರವನ್ನು ಮಡಚಿ, ಯಾರೂ ನೋಡಲಿಲ್ಲವೆಂಬ ಧೈರ್ಯದಲ್ಲಿ ಜೇಬಿಗೆ ತುರುಕಿಕೊಂಡ. ಈಚೆ ಧ್ವನಿಮುದ್ರಣದ ಮೇಜಿನ ಮುಂದೆ ಕುಳಿತಿದ್ದ ಮೇಷ್ಟ್ರು ನೋಡಿದ್ದರು. ಬಿಳಿಯ ಬಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅರವತ್ತೆರಡರ ಈ ವಯಸ್ಸಿನವರೆಗೂ ಇತರರ ದನಿಯನ್ನು ಹಿಡಿದಿಡುವುದೊಂದನ್ನೇ ಕಸುಬಾಗಿ ಮಾಡಿಕೊಂಡು ಬಂದ ಅವರಿಗೆ ಸ್ಟುಡಿಯೋದವರು ಕೊಟ್ಟ ಬಿರುದು ಅದು. ಮೂವತ್ತನಾಲ್ಕು ವರ್ಷಗಳ ಹಿಂದೆ ಊರೂರನ್ನೂ ಹುಚ್ಚೆಬ್ಬಿಸಿದ ರಾಕ್ ತಂಡವೊಂದರ ಹಾಡುಗಳನ್ನೆಲ್ಲ ಧ್ವನಿಮುದ್ರಿಸಿದವರು ಅವರೇ. ಈಗ ಆ ತಂಡದ, ಅದಕ್ಕಿಂತ ಹೆಚ್ಚಾಗಿ ಅದರ ಗಾಯಕನ, ಜೀವನವನ್ನು ಕುರಿತು ಚಲನಚಿತ್ರ ತಯಾರಾಗುತ್ತಿತ್ತು. ಗಾಯಕ ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಪಾತ್ರವನ್ನು ವಹಿಸಿ, ಅವನ ಹಾಡುಗಳನ್ನು ಹೊಸದಾಗಿ ಹಾಡುತ್ತಿದ್ದ, ಗಾಜಿನ ಆಚೆಯ ಇವನು ಅವನ ಸ್ವಂತ ಮಗ. ಮೇಷ್ಟ್ರನ್ನು ಚಿಕ್ಕಪ್ಪ ಎನ್ನುತ್ತ ಬೆಳೆದವನು.

ಉಳಿದದ್ದು ಒಂದೇ ಹಾಡು. ಅದರ ಕೊನೆಯಲ್ಲೊಂದು ಕೂಗು. ಪದವಿಲ್ಲದ, ಹನ್ನೊಂದು ಸೆಕೆಂಡುಗಳ ಕಾಲ ಒಂದೇ ಎತ್ತರದಲ್ಲಿ ನಿಲ್ಲುವ ಆ ಕೂಗಿಗಾಗಿಯೇ ಜನ ಆ ಕಾಲದಲ್ಲಿ ಮುಗಿಬಿದ್ದು ಟಿಕೆಟ್ ಕೊಳ್ಳುತ್ತಿದ್ದರು. ಹಳೆಯ ಧ್ವನಿಮುದ್ರಿಕೆಯನ್ನೇ ಚಿತ್ರಕ್ಕೆ ಬಳಸಿಕೊಳ್ಳಬಹುದಿತ್ತು. ಆದರೆ ತಂದೆಯ ಕೂಗನ್ನು ಮಗನೇ ಕೂಗುತ್ತಾನೆಂದು ನಿರ್ಮಾಪಕರು ಈಗಾಗಲೇ ಡಂಗುರ ಹೊಡೆದಿದ್ದರು. ನಾಲ್ಕು ದಿನಗಳಿಂದ ಮಗ ಅದನ್ನು ಹಿಡಿಯಲು ಹೆಣಗುತ್ತಿದ್ದ. ಪ್ರತಿ ಸಲವೂ ಇನ್ನೇನು ಮುಟ್ಟಿದನೆನ್ನುವಾಗ ಸ್ವರ ಹಳೆಯ ಬಟ್ಟೆಯಂತೆ ಹರಿದುಹೋಗುತ್ತಿತ್ತು.

ಮುದ್ರಿಕೆಯಲ್ಲಿ ಕೇಳುವ ಆ ಎತ್ತರದಲ್ಲಿ ಗಾಯಕ ಅಂದು ಕೂಗಿರಲೇ ಇಲ್ಲ. ಈ ಸಂಗತಿ ಭೂಮಿಯ ಮೇಲೆ ಮೇಷ್ಟ್ರೊಬ್ಬರಿಗೇ ಗೊತ್ತಿತ್ತು.

ಗೊತ್ತಿರುವುದಕ್ಕೆ ಕಾರಣ, ಅದನ್ನು ಮಾಡಿದವರೂ ಅವರೇ. ಮುದ್ರಣ ಮುಗಿಸಿ ತಂಡದವರೆಲ್ಲ ಮನೆಗೆ ಹೋದ ಮೇಲೆ, ಕಂಪನಿಯ ಅಧಿಕಾರಿಯೊಬ್ಬ ಬಂದು ಕೇಳಿ, ಹಾಡು ಎಳೆದಂತಿದೆ, ಇದಕ್ಕೆ ಜೀವವಿಲ್ಲ ಎಂದು ಮೂಗು ಮುರಿದಿದ್ದ. ಇಪ್ಪತ್ತೆಂಟರ ಹುಮ್ಮಸ್ಸಿನಲ್ಲಿದ್ದ ಮೇಷ್ಟ್ರು ಮಾರಾಟದ ಪ್ರತಿ ತೆಗೆಯುವಾಗ ಟೇಪಿನ ವೇಗವನ್ನು ತುಸು ಹೆಚ್ಚಿಸಿದ್ದರು. ಹಾಡು ಚುರುಕಾಯಿತು. ಜೊತೆಗೆ ಶ್ರುತಿಯೂ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು, ಪಕ್ಕದ ಕೀಲಿಯಷ್ಟು, ಮೇಲೇರಿತು. ಮುದ್ರಿಕೆ ಹೊರಬಂದಾಗ ಗಾಯಕ ಕೇಳಿ ಬೆರಗಾಗಿ, "ನಾನು ಇಷ್ಟು ಮೇಲೆ ಹಾಡಿದ್ನೇನೋ? ಅವತ್ತು ಮೈಮೇಲೆ ಏನೋ ಬಂದಿತ್ತು ಕಣೋ!" ಎಂದು ಹಿಗ್ಗಿದ. ಅವನ ಹಿಗ್ಗನ್ನು ಒಡೆಯಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ.

ತಂಡದ ಗಿಟಾರಿನವನಿಗೆ ಒಂದು ಅಭ್ಯಾಸವಿತ್ತು. ಕಾರ್ಯಕ್ರಮಕ್ಕೆ ಮುಂಚೆ ತಂಡದ ಮುದ್ರಿಕೆಯನ್ನೇ ಹಾಕಿಕೊಂಡು, ಅದಕ್ಕೆ ಸರಿಯಾಗಿ ತಂತಿ ಬಿಗಿಯುವುದು. ಹೀಗೆ ಸುಳ್ಳು ಶ್ರುತಿಯೇ ತಂಡದ ಶ್ರುತಿಯಾಯಿತು. ಗಾಯಕ ಐದು ವರ್ಷ, ವಾರಕ್ಕೆ ನಾಲ್ಕು ಸಲ, ತನ್ನದಲ್ಲದ ಎತ್ತರಕ್ಕೆ ತನ್ನ ಗಂಟಲನ್ನು ಎಳೆದ. ಆರನೆಯ ವರ್ಷ ವೇದಿಕೆಯ ಮೇಲೆಯೇ ದನಿ ಕಿತ್ತುಹೋಯಿತು. ಮತ್ತೆ ಬರಲಿಲ್ಲ. ಕೆಲವೇ ತಿಂಗಳಲ್ಲಿ ಅವನೂ ಹೋದ.

"ಮೇಷ್ಟ್ರೇ, ಇನ್ನೊಂದ್ಸಲ ಹೋಗೋಣ್ವಾ?" ಎಂದು ಪಕ್ಕದಲ್ಲಿದ್ದ ನಿರ್ದೇಶಕಿ ಕೇಳಿದಳು. "ಈ ಸಲ ಸಿಕ್ಕಿಬಿಡತ್ತೆ ಅನ್ನಿಸ್ತಿದೆ."

"ಸ್ವಲ್ಪ ತಡೀರಮ್ಮ. ಗಂಟಲು ಆರಲಿ."

"ನಾಲ್ಕು ದಿನದಿಂದ ಆರಿಸ್ತಾನೇ ಇದ್ದೀವಿ. ಒಗೆದ ಬಟ್ಟೆ ಆಗಿದ್ರೂ ಇಷ್ಟು ಹೊತ್ತಿಗೆ ಒಣಗಿರೋದು."

ಹಿಂದಿನ ಸೋಫಾದಲ್ಲಿ ಗಾಯಕನ ಹೆಂಡತಿ ಕುಳಿತಿದ್ದರು. ತುಂಬು ತೋಳಿನ ಕುಪ್ಪಸ, ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕು. ಮಗನ ಹಾಡು ಮುಗಿಯುವ ತನಕ ಕದಲುವವರಲ್ಲ. ಅವರ ಪಕ್ಕ ಈಗ ಮುದುಕನಾಗಿರುವ ಗಿಟಾರಿನವನು, ಎಲ್ಲರ ಬಾಯಲ್ಲಿ ತಂತಿಯಣ್ಣ, ಗಿಟಾರನ್ನು ಕೂಸಿನಂತೆ ಅಪ್ಪಿಕೊಂಡಿದ್ದ.

"ನಿಮ್ಮ ಪಾತ್ರ ಮಾಡ್ತಿರೋ ಆ ನಟನ್ನ ನೋಡಿದೆ ಮೇಷ್ಟ್ರೇ," ಎಂದರು ಆಕೆ. "ಎಂಥ ಸುಂದರಾಂಗನ್ನ ಹುಡುಕಿದಾರೆ! ನಿಮಗೆ ಅಷ್ಟೊಂದು ಕೂದಲು ಯಾವಾಗಿತ್ತು?"

"ಕೂದಲು ಇತ್ತು, ಮುಖ ಇರಲಿಲ್ಲ," ಎಂದ ತಂತಿಯಣ್ಣ.

ಎಲ್ಲರೂ ನಕ್ಕರು. ಮೇಷ್ಟ್ರೂ ತುಟಿಯನ್ನು ಅಗಲಿಸಿದರು. ಹೇಳಿದರೆ ಈ ನಗು ಇಲ್ಲಿಗೆ ಮುಗಿಯಿತು. ಗಂಡ ಸತ್ತ ಮೇಲೆ ಈಕೆಯ ಮನೆಯ ಕಷ್ಟಸುಖಕ್ಕೆಲ್ಲ ತಾವೇ ಓಡಾಡಿದ್ದರು. ಮಗನ ಶಾಲೆಯ ಅರ್ಜಿಗೆ ತಾವೇ ಸಹಿ ಹಾಕಿದ್ದರು. ಆ ಓಡಾಟವೆಲ್ಲ ಯಾವ ತಪ್ಪಿಗೆ ಪ್ರಾಯಶ್ಚಿತ್ತವಾಗಿತ್ತೆಂದು ಆಕೆಗೆ ತಿಳಿದುಬಿಡುತ್ತದೆ. ಹೇಳದಿದ್ದರೆ?

ಗಾಜಿನ ಆಚೆ ಮಗ ಹೆಡ್‌ಫೋನ್ ಸರಿಪಡಿಸಿಕೊಂಡು ಕಣ್ಣು ಮುಚ್ಚಿದ. ಭುಜಗಳು ಮೇಲೇರಿದವು, ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದುಕೊಂಡವು. ವೇದಿಕೆಯ ಮಗ್ಗುಲಲ್ಲಿ ನಿಂತು ಗಾಯಕನ ಇಂಥದೇ ಕುತ್ತಿಗೆಯನ್ನು ಮೇಷ್ಟ್ರು ಐದು ವರ್ಷ ನೋಡಿದ್ದರಲ್ಲವೇ? ನೋಡಿಯೂ ಸುಮ್ಮನಿದ್ದರಲ್ಲವೇ? ನಿರ್ದೇಶಕಿ ಸನ್ನೆ ಮಾಡಿದಳು, ಹಾಡು ಶುರುವಾಯಿತು. ಚರಣ ಕಳೆಯಿತು. ಕೂಗಿಗೆ ಇನ್ನು ಎಂಟು ಮಾತ್ರೆ, ನಾಲ್ಕು ಮಾತ್ರೆ. ಮೇಷ್ಟ್ರ ಬೆರಳು ಗುಂಡಿಯೊಂದನ್ನು ಒತ್ತಿತು. ಹಾಡು ನಿಂತಿತು.

"ಏನಾಯ್ತು?" ಎಂದು ನಿರ್ದೇಶಕಿ ಎದ್ದು ನಿಂತಳು.

"ಹೊರಗೆ ಬಾಪ್ಪಾ," ಎಂದರು ಮೇಷ್ಟ್ರು ಮೈಕಿನಲ್ಲಿ. "ಅದನ್ನ ಹಾಡೋಕಾಗಲ್ಲ. ಮುದ್ರಣದ ದಿನ ನಿಮ್ಮಪ್ಪನೂ ಅಷ್ಟು ಮೇಲೆ ಹಾಡಿರಲಿಲ್ಲ."

ಮಗ ಹೊರಬಂದ. ಮೇಷ್ಟ್ರು ಯಾರ ಮುಖವನ್ನೂ ನೋಡದೆ, ಮೇಜಿನ ಗುಂಡಿಗಳಿಗೇ ಹೇಳುವವರಂತೆ, ನಡೆದದ್ದನ್ನೆಲ್ಲ ಹೇಳಿದರು. ಮೊದಲು ಬಾಯಿ ತೆರೆದವನು ಮಗನೇ. ಅವನ ದನಿ ಒಣಗಿದ ಹಲಗೆಯಂತೆ ಕರಕರ ಎನ್ನುತ್ತಿತ್ತು.

"ಸುಳ್ಳು. ನನ್ನ ಗಂಟಲು ಉಳಿಸೋಕೆ ಅಂತ ಕತೆ ಕಟ್ತಿದ್ದೀರಿ ಚಿಕ್ಕಪ್ಪ. ನನ್ನ ಕೈಲಾಗಲಿಲ್ಲ ಅಂತ ಅಪ್ಪನ್ನ ಕೆಳಗಿಳಿಸ್ಬೇಡಿ."

"ನಾನೂ ಅಲ್ಲೇ ಇದ್ನಲ್ಲಪ್ಪ," ಎಂದ ತಂತಿಯಣ್ಣ, ಯಾರ ಪರವೆಂದು ತನಗೇ ತಿಳಿಯದವನಂತೆ. "ಅವತ್ತು ಕಿವಿ ಅಂದಾಜಲ್ಲಿ ಬಿಗಿದಿದ್ದೆ. ಆಮೇಲೆ ಮುದ್ರಿಕೆ ಕೇಳಿ, ನಂದೇ ತಂತಿ ಸಡಿಲ ಆಗಿತ್ತು ಅನ್ಕೊಂಡೆ. ಪ್ರತಿ ಸಂಜೆ ಬಿಗಿದೆ. ಅಯ್ಯೋ... ನಾನೇ ಬಿಗಿದ್ನಲ್ಲೋ!"

"ನಾನು ಹಾಡ್ತೀನಿ," ಎಂದು ಮಗ ಗಾಜಿನ ಬಾಗಿಲಿಗೆ ಕೈಹಾಕಿದ. "ಅಪ್ಪ ಹಾಡಿದ್ದು ನಿಜ ಅಂತ ತೋರಿಸ್ತೀನಿ."

ಮೇಷ್ಟ್ರು ಹೆದರಿದ್ದು ಇದಕ್ಕೇ. ಅಂದಿನ ಮೂಲ ಟೇಪು, ಅದನ್ನು ನುಡಿಸುವ ಹಳೆಯ ಯಂತ್ರ, ಎರಡೂ ಚಿತ್ರದಲ್ಲಿ ತೋರಿಸಲೆಂದು ಬಂದು ಮೂಲೆಯಲ್ಲಿದ್ದವು. ಅವರು ಸುರುಳಿಯನ್ನು ಏರಿಸಿದರು. ಹಾಡಿಗೆ ಮುಂಚೆ ಗಾಯಕ ಆಡಿದ ಒಂದು ಮಾತು ಆ ಟೇಪಿನಲ್ಲಿ ಉಳಿದುಕೊಂಡಿತ್ತು. ಮುದ್ರಿಕೆಗೆ ಅದನ್ನು ಕತ್ತರಿಸಿದ್ದರು. ಮೊದಲು ಮುದ್ರಿಕೆಯ ವೇಗದಲ್ಲಿ ಹಾಕಿದರು.

"ಬೇಗ ಮುಗ್ಸ್ರಪ್ಪಾ, ಮನೇಲಿ ಕೂಸು ಕಾಯ್ತಿದೆ!"

ಮಾತು ಈಗಷ್ಟೇ ಮೀಸೆ ಮೂಡಿದ ಹುಡುಗನದರಂತೆ ತುಸು ತೆಳುವಾಗಿತ್ತು. ಮೇಷ್ಟ್ರು ಸುರುಳಿಯನ್ನು ಹಿಂದಕ್ಕೆ ತಿರುಗಿಸಿ, ವೇಗವನ್ನು ಸರಿಯಾದ ಗುರುತಿಗೆ ಇಳಿಸಿದರು. ಅದೇ ಮಾತು ಮತ್ತೆ ಬಂತು. ಈ ಸಲ ತುಂಬಿದ, ತುಸು ಒರಟಾದ, ಎದೆಯ ಆಳದಿಂದ ಬಂದ ಗಂಡಸಿನ ದನಿ.

"ನನಗೆ ಆರು ವರ್ಷ ಆಗಿದ್ದಾಗ ಅಪ್ಪ ಹೋದ್ರು," ಎಂದ ಮಗ ನಿಧಾನವಾಗಿ. "ಅದಕ್ಕೆ ಮುಂಚೆನೇ ದನಿ ಹೋಗಿತ್ತು. ಅವರು ಮಾತಾಡೋದು ಹೇಗಿತ್ತು ಅಂತ ನನಗೆ ನೆನಪಿಲ್ಲ." ಅವನು ತಾಯಿಯ ಕಡೆ ತಿರುಗಿದ. "ಅಮ್ಮಾ, ಯಾವುದು?"

ಮಗ ನಂಬಬಲ್ಲ ತೀರ್ಪು ಅವರದೊಂದೇ. ಆಕೆ ಫ್ಲಾಸ್ಕನ್ನು ಪಕ್ಕಕ್ಕಿಟ್ಟರು. ಒಂದು ಕ್ಷಣ, ನೀಚವಾದ ಒಂದೇ ಒಂದು ಕ್ಷಣ, ಆಕೆ ಮರೆತಿರಲಿ ಎಂದು ಮೇಷ್ಟ್ರ ಮನಸ್ಸು ಬೇಡಿಕೊಂಡಿತು.

"ಎರಡನೇದು," ಎಂದರು ಆಕೆ. "ಎರಡನೇದೇ ಅವರ ಮಾತು."

ಮಗನ ಕೈ ಬಾಗಿಲಿನಿಂದ ಜಾರಿತು.

"ಅವರಿಗೆ ಗೊತ್ತಿತ್ತಾ?" ಎಂದು ಆಕೆ ಕೇಳಿದರು. ಪ್ರಶ್ನೆ ಮೇಷ್ಟ್ರಿಗೆ.

"ಇಲ್ಲ."

"ಆ ಐದು ವರ್ಷ ದಿನಾ ಬೆಳಗ್ಗೆ ಎದ್ದು ಕನ್ನಡಿ ಮುಂದೆ ನಿಂತು ತಮಗೆ ತಾವೇ ಬೈಕೊಳ್ತಿದ್ರು. ಸೋಮಾರಿ, ಇದ್ದ ಗಂಟಲನ್ನ ಕಳ್ಕೊಂಡೆ ಅಂತ. ನೀವು ಮನೆಗೆ ಬಂದಾಗ ನಿಮ್ಮ ಎದುರಿಗೂ ಅಂದಿದಾರೆ. ನೀವು ಆಗ ಏನು ಹೇಳ್ತಿದ್ರಿ, ನೆನಪಿದೆಯಾ?"

ನೆನಪಿತ್ತು. 'ಅಭ್ಯಾಸ ಮಾಡು, ಬರುತ್ತೆ' ಎನ್ನುತ್ತಿದ್ದರು.

ಆಕೆ ಎದ್ದು ಮಗನ ಜೇಬಿಗೆ ಕೈಹಾಕಿ ಕರವಸ್ತ್ರವನ್ನು ಹೊರತೆಗೆದರು. ಆ ಕೆಂಪು ಕಲೆಯ ವಿಷಯ ಆಕೆಗೂ ಗೊತ್ತಿತ್ತೆಂಬುದು ಆಗ ಮೇಷ್ಟ್ರಿಗೆ ತಿಳಿಯಿತು. "ಹೇಳಿದ್ರೆ ಇವನು ಕೇಳ್ತಿರಲಿಲ್ಲ. ಬೆಳಗ್ಗೆಯಿಂದ ದಾರಿ ಕಾಣದೆ ಕೂತಿದ್ದೆ," ಎಂದರು. "ನಾಳೆ ಇವನನ್ನ ಗಂಟಲಿನ ಡಾಕ್ಟರ ಹತ್ರ ನೀವೇ ಕರ್ಕೊಂಡು ಹೋಗಿ ಮೇಷ್ಟ್ರೇ. ನಾನು ಬರಲ್ಲ. ಒಂದು ಸಲ ಇವನಪ್ಪನಿಗಾಗಿ ಆ ಬಾಗಿಲ ಹೊರಗೆ ಕೂತಿದ್ದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ."

ಮರುದಿನ ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಿದ್ದರು. ಮಗ ಒಳಗೆ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಕಿವಿಯನ್ನೇ ನಂಬಿ ಬದುಕಿದ ಅವರಿಗೆ ಮುಚ್ಚಿದ ಬಾಗಿಲಿನ ಆಚೆಯಿಂದ ಏನೂ ಕೇಳಿಸುತ್ತಿರಲಿಲ್ಲ. ಒಮ್ಮೆ ಲೋಹದ ತಟ್ಟೆಯ ಮೇಲೆ ಏನೋ ಇಟ್ಟ ಸದ್ದು, ಒಮ್ಮೆ ನಲ್ಲಿಯ ನೀರು. ಎದುರಿನ ಗಡಿಯಾರದ ಮುಳ್ಳು ಅಂಟಿಕೊಂಡಂತೆ ನಿಂತಿತ್ತು. ಅವರು ನಾಲ್ಕು ಸಲ ಎದ್ದರು, ನಾಲ್ಕು ಸಲ ಕುಳಿತರು. ನೀರು ಕುಡಿಯಲು ಹೋದರೆ ಅಷ್ಟರಲ್ಲಿ ಬಾಗಿಲು ತೆರೆದುಬಿಟ್ಟರೆ ಎಂಬ ಭಯಕ್ಕೆ ಬಾಯಾರಿಕೆಯನ್ನೂ ನುಂಗಿಕೊಂಡರು.

ಕೊನೆಗೆ ಡಾಕ್ಟರು ತಾವೇ ಹೊರಬಂದರು. ಹಿಂದೆ ಮಗ, ತುಟಿಯ ಮೇಲೆ ಬೆರಳಿಟ್ಟುಕೊಂಡು.

"ನೀವು ತಂದೆನಾ?"

"ಅಲ್ಲ," ಎಂದರು ಮೇಷ್ಟ್ರು. ಮುಂದೆ ಯಾವ ಸಂಬಂಧವೂ ಬಾಯಿಗೆ ಬರಲಿಲ್ಲ.

"ಊತ ಇದೆ, ಒಂದು ಕಡೆ ಸೀಳಿದೆ. ಒಂದು ತಿಂಗಳು ಮಾತು ಬಂದ್. ಪಿಸುಮಾತೂ ಕೂಡದು. ಆಮೇಲೆ ಮತ್ತೆ ನೋಡಿ ಹೇಳ್ತೀನಿ. ಹಾಡೋ ವಿಷಯ ಈಗಲೇ ಏನೂ ಹೇಳೋಕಾಗಲ್ಲ. ಮಾತು ಉಳಿಯತ್ತೆ. ಇನ್ನೊಂದೆರಡು ದಿನ ಬಿಟ್ಟು ಬಂದಿದ್ರೆ ಅದನ್ನೂ ಹೇಳ್ತಿರಲಿಲ್ಲ."

ಡಾಕ್ಟರು ಒಳಗೆ ಹೋದರು. ಮಗ ಬೆಂಚಿನ ಮೇಲೆ ಕುಳಿತು ತನ್ನ ಫೋನಿನಲ್ಲಿ ತಾಯಿಯ ನಂಬರು ಒತ್ತಿ, ಅದನ್ನು ಮೇಷ್ಟ್ರ ಕೈಗಿತ್ತ. ಅವನ ಕಣ್ಣಲ್ಲಿ ಕೋಪವಿತ್ತೋ ದಯೆಯಿತ್ತೋ ಅವರಿಗೆ ಓದಲಾಗಲಿಲ್ಲ. ಮೊದಲ ರಿಂಗಿಗೇ ಆಚೆಯಿಂದ ಫೋನು ಎತ್ತಿದ ಸದ್ದಾಯಿತು.

"ಹೇಳಿ," ಎಂದರು ಆಕೆ.

ಗಂಟಲು ಸೀಳಿದ ಸಂಗತಿಯನ್ನು ಬಿಟ್ಟು, ಮಾತು ಉಳಿಯುತ್ತದೆಂಬುದನ್ನಷ್ಟೇ ಹೇಳಿಬಿಡಲೇ ಎಂದು ಮೇಷ್ಟ್ರಿಗೆ ಎನಿಸಿತು. ಅವರು ಗೋಡೆಗೆ ಒರಗಿಕೊಂಡು, ಡಾಕ್ಟರು ಹೇಳಿದ್ದನ್ನು ಮೊದಲ ಮಾತಿನಿಂದ ಹೇಳತೊಡಗಿದರು.